ಕಲಬುರಗಿಯವರಿಗೆ ಕಟ್ಟುಮರ: ಸಣ್ಣ ಕ್ಯಾಟಮರಾನ್‌ಗಳಲ್ಲಿ ಯಾವುದು ಯಾರಿಗೆ?

"ಕಾಕಾ, ನಮ್ಮೂರಿಂದ ಸಮುದ್ರ ಒಂದು ರಾತ್ರಿ ಹಾದಿ ಅದ. ನೀವು ನೋಡಿದ್ರ ಹಾಯಿದೋಣಿ ಬಗ್ಗೆ ಬರೀಲಿಕತ್ತೀರಿ" ಎಂದು ಅಣ್ಣನ ಮಗ ನಗುತ್ತಾನೆ. ನಗಲಿ ಬಿಡಿ. ನೌಕಾಪಡೆಯಲ್ಲಿ 15 ವರ್ಷ ಇದ್ದು ಊರಿಗೆ ಬಂದವನು ನಾನು. ಹಾಯಿ ಬಿಡುವುದನ್ನು ಕಲಿತದ್ದು ಕೊಚ್ಚಿಯಲ್ಲಿ. ಈಗ ಇರುವುದು ಕಲಬುರಗಿಯಲ್ಲಿ, ತೊಗರಿ ಹೊಲದ ಪಕ್ಕ. ಆದರೂ ಈ ಒಂದು ವರ್ಷದಲ್ಲಿ ಮೂರು ಮನೆಯವರು ಒಂದೇ ಪ್ರಶ್ನೆ ಹಿಡಿದುಕೊಂಡು ಬಂದರು. ಸಣ್ಣ ಕ್ಯಾಟಮರಾನ್ ಒಂದು ತಗೋಬೇಕು, ಯಾವುದು ತಗೊಳ್ಳೋಣ?

ಒಬ್ಬರು ಸುರಪುರದ ಮೇಷ್ಟ್ರು. ನಾರಾಯಣಪುರದ ಬಸವಸಾಗರದಲ್ಲಿ ಹಾಯಿ ಬಿಡಬೇಕು ಅನ್ನುವುದು ಅವರ ಆಸೆ. ಇನ್ನೊಬ್ಬರು ಬೀದರಿನ ಡಾಕ್ಟರ್ ದಂಪತಿ. ಇಬ್ಬರು ಮಕ್ಕಳು. ಕಾರವಾರದ ಹತ್ತಿರ ಸಂಬಂಧಿಕರ ತೆಂಗಿನ ತೋಟ ಇದೆ, ರಜೆಗೆ ಅಲ್ಲಿಗೆ ಹೋಗುತ್ತಾರೆ. ಮೂರನೆಯವನು ಇದೇ ನಗುವ ಹುಡುಗ. ಈಗ ಹೈದರಾಬಾದಿನಲ್ಲಿ ಕೆಲಸ, ಅವನಿಗೆ ಬೇಕಾದದ್ದು ವೇಗ. ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಬೆಂಡು ಕಟ್ಟಿ ಇಳಿಸುತ್ತಿದ್ದರು. ಯಾದಗಿರಿ ಕಡೆ ಕೃಷ್ಣೆಯ ನಡುಗಡ್ಡೆಯವರಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹೊಳೆ ದಾಟುವುದು ಗೊತ್ತು. ಒಂದೇ ಬುರುಡೆ ಹಿಡಿದರೆ ಮೈ ಹೊರಳುತ್ತದೆ. ಎರಡೂ ಪಕ್ಕಕ್ಕೆ ಒಂದೊಂದು ಇದ್ದರೆ ಹೊರಳುವುದಿಲ್ಲ. ಕ್ಯಾಟಮರಾನ್ ಅಂದರೆ ಅಷ್ಟೇ. ಎರಡು ಸಣಕಲು ಒಡಲು, ನಡುವೆ ಬಿಗಿದ ಬಲೆಯಂಥ ಬಟ್ಟೆ, ಅದರ ಮೇಲೆ ನಾವು. ಆ ಬಟ್ಟೆಗೆ ಟ್ರಾಂಪೊಲಿನ್ ಅನ್ನುತ್ತಾರೆ. ಹೆಸರು ಬಂದದ್ದು ತಮಿಳಿನ ಕಟ್ಟುಮರಂನಿಂದ, ನಮಗೂ ಹಾಗೇ ಅರ್ಥವಾಗುತ್ತದೆ. ತಮಾಷೆ ಏನಂದರೆ ಅಸಲಿ ಕಟ್ಟುಮರಕ್ಕೆ ಎರಡು ಒಡಲು ಇಲ್ಲ. ಅದು ಮರದ ದಿಮ್ಮಿಗಳನ್ನು ಒತ್ತಿ ಕಟ್ಟಿದ ತೆಪ್ಪ. ಹೆಸರು ಇಂಗ್ಲಿಷಿಗೆ ಹೋಗಿ ಬೇರೆ ದೋಣಿಗೆ ಅಂಟಿಕೊಂಡಿತು.

ನೀರಿಗಿಂತ ಮೊದಲು ನೆಲ

ದೋಣಿ ಕೊಳ್ಳುವವರು ಎಲ್ಲರೂ ಮೊದಲು ಕೇಳುವುದು "ಎಷ್ಟು ಜೋರು ಹೋಗ್ತದ?" ಅಂತ. ನಾನು ಮೊದಲು ಕೇಳುವುದು "ಎಲ್ಲಿ ಇಡ್ತೀರಿ, ನೀರಿನ ತನಕ ಹ್ಯಾಂಗ ಒಯ್ತೀರಿ?" ಅಂತ. ಕರಾವಳಿಯವರಿಗೆ ಇದು ಎರಡನೇ ಪ್ರಶ್ನೆ. ನಮಗೆ ಇದೇ ಮೊದಲನೆಯದು. ನಮ್ಮವರು ಕೊಂಡ ದೋಣಿ ಮೂಲೆ ಸೇರುವುದು ಅದು ನಿಧಾನ ಅಂತ ಅಲ್ಲ. ಅದನ್ನು ಹೊರಗೆ ತೆಗೆಯುವುದೇ ಒಂದು ಮದುವೆ ಕೆಲಸ ಆಗುತ್ತದೆ ಅಂತ.

ಆಮೇಲೆ ತೂಕ. ಎಷ್ಟು ಜನ ಕೂರುತ್ತೀರಿ ಅನ್ನುವುದು ಮಾತ್ರ ಅಲ್ಲ, ಒಟ್ಟು ಎಷ್ಟು ಕಿಲೋ ಅನ್ನುವುದು. ಇದು ಯಾಕೆ ಮುಖ್ಯ ಅಂತ ನನಗೆ ಕಾರವಾರದಲ್ಲಿ ಗೊತ್ತಾಯಿತು. ಅಣ್ಣನ ಮಗನಿಗೆ ಆಗ ಹದಿನಾರು ವರ್ಷ, ತೂಕ 48 ಕಿಲೋ. ನಾನು 66. ಬಾಡಿಗೆಗೆ ತಗೊಂಡ ಹೋಬಿ 16 ಅನ್ನುವ ಕ್ಯಾಟಮರಾನ್‌ನಲ್ಲಿ ಹೋಗಿದ್ದೆವು. ಮಧ್ಯಾಹ್ನದ ಗಾಳಿಗೆ ಒಂದು ಒಡಲು ಮೇಲೆದ್ದಿತು, ಹುಡುಗ ಹಾಯಿಯ ಹಗ್ಗ ಬಿಡಲಿಲ್ಲ. ದೋಣಿ ಮಗುಚಿತು. ಅದೇನೂ ದೊಡ್ಡ ಮಾತಲ್ಲ. ಮಗುಚುವುದು ಈ ಆಟದ ಭಾಗವೇ. ಏಳಿಸುವ ಕ್ರಮವೂ ಸರಳ. ನೀರಿನಲ್ಲಿರುವ ಒಡಲಿನ ಮೇಲೆ ನಿಲ್ಲಬೇಕು. ಮೇಲಿನ ಒಡಲಿನಿಂದ ಬಂದ ಹಗ್ಗ ಹಿಡಿದು, ಬಾವಿಯಿಂದ ನೀರು ಸೇದುವವರ ಹಾಗೆ ಹಿಂದಕ್ಕೆ ಬಾಗಬೇಕು. ನಮ್ಮ ತೂಕಕ್ಕೆ ಹಾಯಿಕಂಬ ನೀರು ಬಿಟ್ಟು ಮೇಲೇಳಬೇಕು. ನಾವಿಬ್ಬರೂ ಬಾಗಿದೆವು. ಕಂಬ ಒಂದು ಗೇಣು ಎದ್ದಿತು, ಮತ್ತೆ ಮಲಗಿತು. ಎದ್ದಿತು, ಮಲಗಿತು. 114 ಕಿಲೋ ಸಾಲಲಿಲ್ಲ. ಆ ದೋಣಿಗೆ ಸುಮಾರು 130ರ ಮೇಲೆ ಬೇಕು. ಕೊನೆಗೆ ಮೀನುಗಾರರು ಬಂದು ಕಂಬದ ತುದಿ ಎತ್ತಿಕೊಟ್ಟರು. ಅವರಲ್ಲೊಬ್ಬರು ಹುಡುಗನನ್ನು ನೋಡಿ "ಊಟ ಮಾಡಿ ಬಾ ಮಾರಾಯ" ಅಂದರು.

ಹಾಗಾಗಿ ಎರಡನೇ ಪ್ರಶ್ನೆ ಹೀಗಿರಲಿ: ಮಗುಚಿದ ದೋಣಿಯನ್ನು ನೀವೇ ಏಳಿಸಬಲ್ಲಿರಾ? ಅಕ್ಕಪಕ್ಕ ಯಾರೂ ಇಲ್ಲದ ಜಲಾಶಯದಲ್ಲಿ ಇದಕ್ಕೆ "ಹೌದು" ಅನ್ನುವಂತಿರಬೇಕು.

ಮೂರನೆಯದು ನೀರಿನ ತಳ. ಕೆಲವು ದೋಣಿಗಳಿಗೆ ಪಕ್ಕಕ್ಕೆ ಜಾರದಿರಲು ಕೆಳಗೆ ಇಳಿಬಿಡುವ ಹಲಗೆ ಇರುತ್ತದೆ. ಕೆಲವಕ್ಕೆ ಇಲ್ಲ, ಒಡಲಿನ ಆಕಾರವೇ ಆ ಕೆಲಸ ಮಾಡುತ್ತದೆ. ಮರಳಿನ ದಂಡೆಗೆ ನೇರ ನುಗ್ಗಬೇಕಾದರೆ ಹಲಗೆ ಇಲ್ಲದ್ದೇ ವಾಸಿ. ಜಲಾಶಯದಲ್ಲಂತೂ ಇನ್ನೂ ಜಾಸ್ತಿ. ನೀರಿನ ಕೆಳಗೆ ಮುಳುಗಿದ ಹೊಲದ ಬದು ಇರುತ್ತದೆ, ಜಾಲಿ ಮರದ ಬೊಡ್ಡೆ ಇರುತ್ತದೆ, ಹಳೇ ಗೋಡೆ ಇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಅವೆಲ್ಲ ಹತ್ತಿರ ಬರುತ್ತವೆ. ಮೀನಿನ ಬಲೆಗಳೂ ಉಂಟು. ಹರಿಗೋಲಿನವರು ಹೊಟ್ಟೆಪಾಡಿಗೆ ಹಾಕಿದ ಬಲೆ ಅದು. ನಮ್ಮ ಆಟಕ್ಕೆ ಹರಿಯಬಾರದು.

ಗಾಳಿ, ಬಜೆಟ್ಟು, ರಿಪೇರಿ ಇವು ಆಮೇಲಿನ ಮಾತು. ಮುಂದೆ ಬರುತ್ತವೆ.

ಹೋಬಿ 16: ಎಲ್ಲರೂ ಮೊದಲು ಕೇಳುವ ಹೆಸರು

ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ ಅನ್ನುವವರು 1970ರ ಸುಮಾರಿಗೆ ತಂದ ದೋಣಿ ಇದು. ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಬೀಚಿನಲ್ಲಿ ಬಣ್ಣಬಣ್ಣದ ಹಾಯಿಯ ಜೋಡಿ ಒಡಲಿನ ದೋಣಿ ನೋಡಿದ್ದರೆ, ಬಹುಶಃ ಇದನ್ನೇ ನೋಡಿರುತ್ತೀರಿ. ಉದ್ದ 16 ಅಡಿ 7 ಇಂಚು, ಅಗಲ 7 ಅಡಿ 11 ಇಂಚು, ತೂಕ 145 ಕಿಲೋ. ಎರಡು ಹಾಯಿ ಸೇರಿ 218 ಚದರ ಅಡಿ. ಬಾಳೆಕಾಯಿಯ ಹಾಗೆ ಬಾಗಿದ ಒಡಲು, ಇಳಿಬಿಡುವ ಹಲಗೆ ಇಲ್ಲ. ಚುಕ್ಕಾಣಿ ನೆಲ ತಾಗಿದರೆ ತಾನೇ ಮೇಲೆ ಮಡಚಿಕೊಳ್ಳುತ್ತದೆ.

ಇದರ ದೊಡ್ಡ ಗುಣ ಅಂದರೆ ಮೆಲುಗಾಳಿಯಲ್ಲೂ ಓಡುತ್ತದೆ. ನಮ್ಮ ಕಡೆ ಇದಕ್ಕೆ ಬೆಲೆ ಇದೆ. ಜಲಾಶಯಗಳು ತುಂಬಿ ಹಾಯಿಗೆ ಹದವಾಗಿರುವುದು ಸೆಪ್ಟೆಂಬರಿನಿಂದ ಫೆಬ್ರವರಿ ತನಕ. ಅದರಲ್ಲಿ ಚಳಿಗಾಲದ ಎಷ್ಟೋ ದಿನ ಗಾಳಿ ಸುಮ್ನೆ ಇರುತ್ತದೆ. ಅಂಥ ದಿನ ಸಣ್ಣ ಹಾಯಿಯ ದೋಣಿ ನಿಂತಲ್ಲೇ ನಿಲ್ಲುತ್ತದೆ, ಹೋಬಿ 16 ನಿಧಾನಕ್ಕಾದರೂ ಹೊರಡುತ್ತದೆ. ಗಾಳಿ ಬಂದರೆ ಒಬ್ಬರು ಕಂಬಕ್ಕೆ ಕಟ್ಟಿದ ತಂತಿಗೆ ಜೋತು ಹೊರಗೆ ನಿಲ್ಲಬೇಕು. ಆ ಮಜಾ ಬೇರೆ.

ಆದರೆ ಇದು ಕ್ಷಮಿಸುವ ದೋಣಿ ಅಲ್ಲ. ಜೋರು ಗಾಳಿಯಲ್ಲಿ ಗಾಳಿಯ ಮರೆಯ ಕಡೆಯ ಮೂತಿ ನೀರಿಗೆ ಹೂತು, ಹಿಂಭಾಗ ಎದ್ದು, ಮುಗ್ಗರಿಸಿ ಬೀಳುತ್ತದೆ. ಮುಂದೆ ಕೂತವರು ಗುಲ್ಲೇರಿನ ಕಲ್ಲಿನ ಹಾಗೆ ಹಾರುತ್ತಾರೆ. ಎಲ್ಲರೂ ಹಿಂದಕ್ಕೆ ಸರಿದು ಕೂರುವುದೇ ಇದಕ್ಕೆ ಮದ್ದು. ಗಾಳಿಗೆ ಎದುರಾಗಿ ತಿರುಗಿಸುವಾಗಲೂ ಹಟ ಮಾಡುತ್ತದೆ. ಅರ್ಧಕ್ಕೆ ನಿಂತು ಹಿಂದಕ್ಕೆ ಜಾರಲು ಶುರು. ಮುಂದಿನ ಚಿಕ್ಕ ಹಾಯಿ, ಅಂದರೆ ಜಿಬ್ಬನ್ನು, ಒಂದು ಗಳಿಗೆ ಹಳೇ ಕಡೆಗೇ ಹಿಡಿದು ಮೂತಿ ತಿರುಗಿದ ಮೇಲೆ ಬಿಡಬೇಕು. ಕಲಿಯಲು ಕೆಲವು ವಾರ ಬೇಕು.

ಇದು ಇಬ್ಬರ ದೋಣಿ. ರೇಸಿನ ನಿಯಮದಲ್ಲಿ ಇಬ್ಬರೂ ಸೇರಿ ಕನಿಷ್ಠ 129 ಕಿಲೋ ಇರಬೇಕು. ನಮ್ಮ ಕಾರವಾರದ ಕಥೆಗೂ ಈ ಅಂಕಿಗೂ ಎಷ್ಟು ಹತ್ತಿರ ನೋಡಿ. ಒಬ್ಬರೇ ಹೋಗುವವರು ನೀರು ತುಂಬಿಸಿ ಬೆನ್ನ ಹಿಂದೆ ಜೋತುಬಿಡುವ ಚೀಲ ಇಟ್ಟುಕೊಳ್ಳುತ್ತಾರೆ. ಅದನ್ನು ಮೊದಲೇ ಮೊಣಕಾಲುದ್ದ ನೀರಿನಲ್ಲಿ ಅಭ್ಯಾಸ ಮಾಡಿರಬೇಕು.

ಇದರ ಅಣ್ಣ ಹೋಬಿ 14 ಅನ್ನುವುದೊಂದಿದೆ. 1960ರ ದಶಕದ ಕೊನೆಯದು, ಒಬ್ಬರ ದೋಣಿ, 100 ಕಿಲೋ ಆಸುಪಾಸು, ಒಂದೇ ಹಾಯಿ. ಒಬ್ಬರೇ ಎತ್ತಿ ನಿಲ್ಲಿಸಬಹುದು. ಆದರೆ ಬಿಡಿಭಾಗ ಹುಡುಕುವುದು ಕಷ್ಟ. ಚೆನ್ನಾಗಿರುವುದು ಅಗ್ಗಕ್ಕೆ ಸಿಕ್ಕಿದರೆ ಮಾತ್ರ.

ವೇವ್, ಗೆಟ್‌ಅವೇ: ಪ್ಲಾಸ್ಟಿಕ್ ಕುಟುಂಬ

ಅದೇ ಹೋಬಿ ಹೆಸರಿನಲ್ಲಿ ಬರುವ ಇವೆರಡೂ ನೀರಿನ ಟ್ಯಾಂಕಿನ ಹಾಗೆ ಅಚ್ಚಿನಲ್ಲಿ ತಿರುಗಿಸಿ ಎರೆದ ಪಾಲಿಥಿಲೀನ್ ದೋಣಿಗಳು. ಛಾವಣಿ ಮೇಲಿನ ಸಿಂಟೆಕ್ಸ್ ನೆನಪಿಸಿಕೊಳ್ಳಿ, ಅದೇ ಜಾತಿ. ಕಲ್ಲಿಗೆ ತಾಗಿದರೆ ಗೀರು ಬೀಳುತ್ತದೆ, ಒಡೆಯುವುದಿಲ್ಲ.

ವೇವ್ ಬಂದದ್ದು 1990ರ ದಶಕದಲ್ಲಿ. 13 ಅಡಿ ಉದ್ದ, 7 ಅಡಿ ಅಗಲ, 111 ಕಿಲೋ. ಒಂದೇ ಹಾಯಿ, 95 ಚದರ ಅಡಿ. ಅಂದರೆ ಹೋಬಿ 16ರ ಅರ್ಧಕ್ಕಿಂತ ಕಡಿಮೆ. ಹಾಯಿಕಂಬ ಸುಮಾರು 20 ಅಡಿ, ಒಬ್ಬ ಗಟ್ಟಿ ಆಳು ಎತ್ತಿ ನಿಲ್ಲಿಸಬಹುದು. ಹಾಯಿಯ ಕೆಳಗೆ ಅಡ್ಡಗೋಲು ಇಲ್ಲ. ಹಾಗಾಗಿ ತಿರುಗುವಾಗ ತಲೆಗೆ ಬಡಿಯುವ ಭಯ ಇಲ್ಲ. ಮಕ್ಕಳಿರುವವರಿಗೆ ಇದೊಂದೇ ಸಾಕು, ಅಲ್ವಾ? ಕಂಬದ ತುದಿಗೆ ಗಾಳಿಬುರುಡೆ ಹಾಕಿಸಿಕೊಂಡರೆ ಮಗುಚಿದಾಗ ಪೂರ್ತಿ ತಲೆಕೆಳಗಾಗುವುದಿಲ್ಲ, ಪಕ್ಕಕ್ಕೆ ಮಲಗಿ ನಿಲ್ಲುತ್ತದೆ. ಒಬ್ಬರೇ ಇದ್ದರೂ ಏಳಿಸಬಹುದು.

ಗೆಟ್‌ಅವೇ ಉದ್ದದಲ್ಲಿ ಹೋಬಿ 16ರಷ್ಟೇ. ಅಗಲ 7 ಅಡಿ 8 ಇಂಚು. ಆದರೆ ತೂಕ 177 ಕಿಲೋ. 450 ಕಿಲೋ ತನಕ ಹೊರುತ್ತದೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಬುತ್ತಿ, ನೀರಿನ ಕ್ಯಾನು ಎಲ್ಲಾ ಸೇರಿಸಿದರೂ ಮುಗಿಯುವುದಿಲ್ಲ. ಬೀದರಿನವರು ನಾಲ್ವರೂ ಸೇರಿ 200 ಕಿಲೋ ದಾಟುವುದಿಲ್ಲ. ಹೋಬಿ 16ರಲ್ಲಿ ನಾಲ್ವರು ಕೂತರೆ ಅದು ಬಾಡಿಗೆ ಟಂಟಂ ಆಗುತ್ತದೆ, ಇದರಲ್ಲಿ ಆರಾಮ.

ಕೊರತೆ ಏನು? ಎಳೆಯುವುದು. 177 ಕಿಲೋವನ್ನು ಮೆತ್ತನೆ ಮರಳಿನಲ್ಲಿ ಇಬ್ಬರು ಎಳೆಯಲಾಗದು. ಬಲೂನಿನಂಥ ದಪ್ಪ ಚಕ್ರದ ಗಾಡಿ ಬೇಕೇ ಬೇಕು. ದೋಣಿಯ ಬಜೆಟ್ಟಿನಲ್ಲೇ ಅದನ್ನು ಸೇರಿಸಿ. ಮರೆತು ಆಮೇಲೆ ತಗೊಂಡವರು ಮೊದಲ ವರ್ಷ ಸೊಂಟ ಹಿಡಿದುಕೊಂಡು ಓಡಾಡಿದ್ದನ್ನು ನೋಡಿದ್ದೇನೆ.

ಇನ್ನೊಂದು ಮಾತು, ಇದನ್ನು ಸಮುದ್ರದ ಊರಿನವರು ಅಷ್ಟಾಗಿ ಹೇಳುವುದಿಲ್ಲ. ನಮ್ಮ ಮೇ ತಿಂಗಳ ಬಿಸಿಲು. 42 ಡಿಗ್ರಿ ಬಿಸಿಲಿನಲ್ಲಿ ಪಾಲಿಥಿಲೀನ್ ಒಡಲನ್ನು ಎರಡು ಇಟ್ಟಿಗೆ ಮೇಲೆ ಇಟ್ಟು ಹೋದರೆ, ಇಟ್ಟಿಗೆ ಇದ್ದ ಜಾಗ ಒಳಗೆ ಹೋಗುತ್ತದೆ, ಒತ್ತಿದ ಬೆಣ್ಣೆಯ ಹಾಗೆ. ಅಗಲವಾದ ಮೆತ್ತೆ ಇಟ್ಟು, ನೆರಳಿನಲ್ಲಿ ಇಡಬೇಕು. ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ "ತೆಂಗಿನ ಮರದ ನೆರಳು ಇದೆಯಲ್ಲ" ಅಂದರು. ಬೇಡ ತಾಯಿ, ತೆಂಗಿನಕಾಯಿ ಬೀಳುತ್ತದೆ. ತಗಡಿನ ಮಾಡು ಹಾಕಿಸಿ ಅಂದೆ.

ರಿಪೇರಿ ವಿಷಯದಲ್ಲೂ ಒಂದು ಗಂಟು ಇದೆ. ಪಾಲಿಥಿಲೀನಿಗೆ ಅಂಟು ಹಿಡಿಯುವುದಿಲ್ಲ. ಬಿರುಕು ಬಿಟ್ಟರೆ ಬಿಸಿ ಮಾಡಿ ಪ್ಲಾಸ್ಟಿಕ್ ಬೆಸುಗೆ ಹಾಕುವವರು ಬೇಕು. ಹೋಬಿ 16 ಫೈಬರ್‌ಗ್ಲಾಸ್ ದೋಣಿ. ಅದು ಬೇಗ ಒಡೆಯುತ್ತದೆ ನಿಜ. ಆದರೆ ಬಸ್ಸಿನ ಬಾಡಿ, ಬಾಗಿಲುಗಳಿಗೆ ಫೈಬರ್ ಕೆಲಸ ಮಾಡುವವರಿಗೆ ಬಟ್ಟೆ, ರೆಸಿನ್ ಹಚ್ಚುವುದು ಕೈ ಪಳಗಿದ ಕೆಲಸ. ಒಡೆಯದ್ದು ಬೇಕೋ, ಒಡೆದರೆ ಊರಲ್ಲೇ ರಿಪೇರಿ ಆಗುವುದು ಬೇಕೋ? ನಾನಾದರೆ, ಹೊಸಬನಿಗೆ ಒಡೆಯದ್ದು, ಪಳಗಿದವನಿಗೆ ರಿಪೇರಿ ಆಗುವುದು ಅನ್ನುತ್ತೇನೆ.

ಚೀಲದಲ್ಲಿ ಬರುವ ದೋಣಿ

ಚೆಕ್ ದೇಶದ ಮಿನಿಕ್ಯಾಟ್ ಅನ್ನುವ ಗಾಳಿ ತುಂಬುವ ಕ್ಯಾಟಮರಾನ್ ಇದೆ. ಒಡಲು ಅಂದರೆ ಉದ್ದನೆಯ ಗಾಳಿಕೊಳವೆ. ಕಂಬ ತುಂಡುತುಂಡಾಗಿ ಬಿಚ್ಚುತ್ತದೆ. ಎಲ್ಲಾ ಚೀಲದಲ್ಲಿ ಮಡಚಿ ಕಾರಿನ ಡಿಕ್ಕಿಗೆ ಹಾಕಬಹುದು. ಟ್ರೇಲರ್ ಬೇಡ, ಗೇಟು ಅಗಲ ಬೇಡ, ಬಾಡಿಗೆ ಜಾಗ ಬೇಡ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನಬಹುದು. ದರದಲ್ಲಿ ಒಳ್ಳೇ ಬೈಕಿಗಿಂತ ಜಾಸ್ತಿ, ಕಾರಿಗಿಂತ ಕಡಿಮೆ. ಅದರ ಮೇಲೆ ಸಾಗಣೆ, ಆಮದು ತೆರಿಗೆ.

ಮೊದಲ ಸಲ ಮೇಷ್ಟ್ರಿಗೆ ನಾನು ಇದನ್ನೇ ಹೇಳಿದ್ದೆ. ಆಮೇಲೆ ಇಬ್ಬರೂ ಒಂದು ಭಾನುವಾರ ಬಸವಸಾಗರದ ಹಿನ್ನೀರಿನ ದಂಡೆಗೆ ಹೋಗಿ ನಿಂತೆವು. ನೀರು ಸ್ವಲ್ಪ ಇಳಿದಿತ್ತು. ದಾರಿಯಿಂದ ನೀರಿನ ತನಕ ಇದ್ದದ್ದು ಎರೆ ಮಣ್ಣು, ಮೇಲೆ ಒಣಗಿ ಬಿರಿದದ್ದು, ಕೆಳಗೆ ಹಸಿ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿಗೆ ಒಂದೊಂದು ಕಿಲೋ ಮಣ್ಣು ಮೆತ್ತಿತು. ಅದರ ನಡುವೆ ಬಳ್ಳಾರಿ ಜಾಲಿ. ಮೇಷ್ಟ್ರು ಕಾಲು ಎತ್ತಿ ಚಪ್ಪಲಿಯ ತಳ ತೋರಿಸಿದರು. ಎರಡು ಇಂಚಿನ ಮುಳ್ಳು ರಬ್ಬರ್ ತೂರಿ ಒಳಗೆ ಬಂದಿತ್ತು. "ಸರ, ಇದು ನಿಮ್ಮ ಗಾಳಿ ದೋಣಿಗೆ ಹೊಕ್ಕರ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕೊಳವೆಯ ಬಟ್ಟೆ ದಪ್ಪ, ತೇಪೆ ಹಾಕಬಹುದು, ಎರಡರಲ್ಲಿ ಒಂದು ಗಟ್ಟಿ ಇದ್ದರೆ ಪೂರ್ತಿ ಮುಳುಗುವುದೂ ಇಲ್ಲ. ಆದರೂ ಜಾಲಿ ಮುಳ್ಳಿನ ದಂಡೆಗೆ ಅದು ಹೇಳಿ ಮಾಡಿಸಿದ್ದಲ್ಲ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ. ಮಧ್ಯಾಹ್ನ ದಂಡೆಯಲ್ಲಿ ಬಿಟ್ಟು ಊಟಕ್ಕೆ ಹೋಗುವಾಗ ಸ್ವಲ್ಪ ಗಾಳಿ ಬಿಟ್ಟು ಹೋಗಬೇಕು, ಮರೆಯುವಂತಿಲ್ಲ. ಗೋವಾ, ಗೋಕರ್ಣದ ಮರಳಿಗೆ ಇದು ಚೆನ್ನ. ವರ್ಷಕ್ಕೆ ಎರಡು ಸಲ ರಜೆಗೆ ಹೋಗುವವರು ಬೇರೆ ಏನನ್ನೂ ನೋಡಬೇಕಿಲ್ಲ. ವೇಗ, ಗಾಳಿಗೆ ಎದುರಾಗಿ ಏರುವ ಶಕ್ತಿ ಎರಡೂ ಗಟ್ಟಿ ಒಡಲಿನ ದೋಣಿಗಿಂತ ಕಡಿಮೆ, ಅದು ಗೊತ್ತಿರಲಿ.

ಆಸೆ ಹುಟ್ಟಿಸುವ ಉಳಿದವು

ಡಾರ್ಟ್ 18 ಇಂಗ್ಲೆಂಡಿನದು. 18 ಅಡಿ ಉದ್ದ, ಏಳೂವರೆ ಅಡಿ ಅಗಲ, 130 ಕಿಲೋ. ಹಲಗೆ ಇಲ್ಲ, ಅಡ್ಡಗೋಲು ಇಲ್ಲ, ಹೋಬಿ 16ರಷ್ಟು ಮುಗ್ಗರಿಸುವುದಿಲ್ಲ. ನನಗೆ ಬಹಳ ಇಷ್ಟದ ದೋಣಿ. ಇಲ್ಲಿ ಯಾರಾದರೂ ಮಾರುತ್ತಿದ್ದರೆ ಹೋಗಿ ನೋಡಿ. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ನಾಕ್ರಾ 15, ನಾಕ್ರಾ 17, ಎಫ್ 18 ಇವೆಲ್ಲ ರೇಸಿನವು. ನಾಕ್ರಾ 17 ಒಲಿಂಪಿಕ್ಸಿಗೆ ಬಂದದ್ದು 2016ರ ರಿಯೋದಲ್ಲಿ. ಅದಕ್ಕೆ ಮೊದಲು 1976ರಿಂದ 2008ರ ತನಕ ಆ ಜಾಗದಲ್ಲಿ ಟೊರ್ನಾಡೋ ಇತ್ತು. ಇವಕ್ಕೆ ಇಳಿಬಿಡುವ ಹಲಗೆ ಇದೆ, ಅಗಲ ಜಾಸ್ತಿ, ಕಟ್ಟಿ ಸಿದ್ಧ ಮಾಡಲು ಹೊತ್ತು ಬೇಕು. ಟೊರ್ನಾಡೋ ಅಗಲ ಹತ್ತು ಅಡಿ. ಅದನ್ನು ಬಿಚ್ಚದೆ ನಮ್ಮ ರಸ್ತೆಗೆ ತರುವ ಮಾತೇ ಇಲ್ಲ. ಅಣ್ಣನ ಮಗನ ಮೊಬೈಲಿನ ತುಂಬಾ ಇವುಗಳದೇ ವಿಡಿಯೋ. ಅವನಿಗೆ ನಾನು ಹೇಳಿದ್ದು ಒಂದೇ: ಈಗ ಏನೂ ಕೊಳ್ಳಬೇಡ. ಹೈದರಾಬಾದಿನಲ್ಲೇ ಇದ್ದೀಯ, ಹುಸೇನ್ ಸಾಗರದಲ್ಲಿ ಕಲಿಸುತ್ತಾರೆ. ಅಲ್ಲಿ ಇರುವುದು ಲೇಸರ್‌ನಂಥ ಒಂದೇ ಒಡಲಿನ ದೋಣಿ. ಇರಲಿ. ಗಾಳಿ ಓದುವುದು, ಹಗ್ಗ ಬಿಡುವುದು ಅದರಲ್ಲೇ ಚೆನ್ನಾಗಿ ಬರುತ್ತದೆ. ಎರಡು ಸೀಸನ್ ಆಗಲಿ, ಜೊತೆಗೊಬ್ಬ ಗಟ್ಟಿ ಸಂಗಾತಿ ಸಿಗಲಿ, ಆಮೇಲೆ ಇಬ್ಬರೂ ಪಾಲು ಹಾಕಿ ಹಳೇ ಹೋಬಿ 16 ತಗೊಳ್ಳಿ. ಅವನ ಮುಖ ಸಪ್ಪೆ ಆಯಿತು. ಆದರೂ ಸೇರಿಕೊಂಡಿದ್ದಾನೆ.

ಊರಲ್ಲಿ ಕೆಲವರು ಎರಡು ನೀಲಿ ಡ್ರಮ್ಮಿಗೆ ಬಿದಿರು ಕಟ್ಟಿ ಮಾಡಿಕೊಳ್ಳಬಹುದಲ್ಲ ಅನ್ನುತ್ತಾರೆ. ಕೆರೆಯಲ್ಲಿ ತೇಲಲು ಆಗುತ್ತದೆ. ಹಾಯಿ ಹಚ್ಚಬೇಡಿ.

ಹಳೆಯದು ಕೊಳ್ಳುವಾಗ

ಹೊಸ ಹೋಬಿ 16 ತರಿಸಿದರೆ ಕಾರಿನ ದುಡ್ಡು ಹೋಗುತ್ತದೆ. ಹೆಚ್ಚಿನವರು ಹಳೆಯದನ್ನೇ ನೋಡುತ್ತಾರೆ, ಅದೇ ಸರಿ. ಆದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ನಾನು ಹಾಗೆ ಮಾಡಿ ಒಮ್ಮೆ ಕೆಟ್ಟಿದ್ದೇನೆ.

ಫೈಬರ್ ದೋಣಿಯಾದರೆ ಮಡಕೆ ಕೊಳ್ಳುವ ಹಾಗೆ ನೋಡಬೇಕು. ಕುಂಬಾರರ ಅಂಗಡಿಯಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತೇವಲ್ಲ, ಹಾಗೆ. ಒಡಲಿನ ಮೇಲ್ಭಾಗ, ಅದರಲ್ಲೂ ಮುಂದಿನ ಅಡ್ಡ ತೊಲೆಯ ಎದುರಿನ ಭಾಗವನ್ನು ಗೇಣುಗೇಣಿಗೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ. ಪದರ ಬಿಟ್ಟ ಜಾಗದಲ್ಲಿ ಸದ್ದು ಸತ್ತಿರುತ್ತದೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ. ಒಳಗೆ ಹೋಗಿ ಮೇಲೆ ಬಂದರೆ ಹುಷಾರು. ಅಂಗೈ ಅಗಲದ ಒಂದು ಮೆತ್ತನೆ ಜಾಗ ಇದ್ದರೆ ರೆಸಿನ್ ತುಂಬಿ ಸರಿ ಮಾಡಬಹುದು. ಎರಡೂ ಒಡಲಿನಲ್ಲಿ ಮೊಳ ಉದ್ದ ಇದ್ದರೆ ಬೆಲೆ ಇಳಿಸುವ ಮಾತಲ್ಲ, ಎದ್ದು ಬರುವ ಮಾತು.

ಆಮೇಲೆ ಸೋರಿಕೆ. ನೀರು ಬಿಡುವ ತೂತಿಗೆ ಬಾಯಿಯಿಂದಲೇ ಮೆಲ್ಲಗೆ ಊದಿ, ಕೀಲುಗಳ ಮೇಲೆ ಸಾಬೂನು ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಒಡಲೇ ಬಿರಿಯುತ್ತದೆ. ಕಂಬ ಹಿಡಿದ ತಂತಿಗಳ ತುದಿಯಲ್ಲಿ ಒಂದು ಎಳೆ ಕಿತ್ತಿದ್ದರೂ ಎಲ್ಲಾ ತಂತಿ ಬದಲಾಯಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಟ್ರಾಂಪೊಲಿನ್ ಬಟ್ಟೆ ಗಟ್ಟಿ ಕಂಡರೂ ಹೊಲಿಗೆ ಬಿಸಿಲಿಗೆ ಸತ್ತಿರುತ್ತದೆ. ಉಗುರಿನಿಂದ ಕೆರೆದರೆ ದಾರ ಪುಡಿಯಾದರೆ ಹೊಸ ಹೊಲಿಗೆ. ಸಮುದ್ರದಲ್ಲಿದ್ದ ದೋಣಿಗಿಂತ ಸಿಹಿನೀರಿನ ದೋಣಿಯ ಬೋಲ್ಟು, ನಟ್ಟು ಚೆನ್ನಾಗಿರುತ್ತವೆ.

ಕಂಬ, ತಂತಿ, ಮೊಸಳೆ

ಒಂದು ವಿಷಯ ಯಾವ ದೋಣಿಗೂ ತಪ್ಪಿದ್ದಲ್ಲ. ಹೋಬಿ 16ರ ಹಾಯಿಕಂಬ 26 ಅಡಿಗಿಂತ ಉದ್ದ, ಅಲ್ಯೂಮಿನಿಯಂ. ನಮ್ಮ ಹೊಲಗಳ ಮೇಲೆ ಪಂಪ್‌ಸೆಟ್ಟಿಗೆ ಹೋದ ಕರೆಂಟ್ ತಂತಿ ಎಷ್ಟು ಜೋತುಬಿದ್ದಿರುತ್ತದೆ ಅಂತ ನಿಮಗೇ ಗೊತ್ತು. ಕಂಬ ನಿಲ್ಲಿಸಿ ದೋಣಿ ಎಳೆದುಕೊಂಡು ಅದರ ಕೆಳಗೆ ಹೋದರೆ ಮುಗಿಯಿತು. ಬೇರೆ ದೇಶಗಳಲ್ಲಿ ಹೀಗೆ ಜನ ಸತ್ತಿದ್ದಾರೆ. ಅದಕ್ಕೇ ಅಮೆರಿಕದ ಹೋಬಿಗಳ ಕಂಬದ ಮೇಲ್ತುದಿಯನ್ನು 1980ರ ದಶಕದಿಂದ ಕರೆಂಟ್ ಹರಿಯದ ಫೈಬರಿನಲ್ಲಿ ಮಾಡಿದರು. ಅಂಥ ತುದಿ ಇದ್ದರೂ ಕೆಳಗಿನ ಭಾಗ ಲೋಹವೇ. ಕಂಬ ಎತ್ತುವ ಜಾಗ ಮೊದಲೇ ಗೊತ್ತು ಮಾಡಿ. ತಲೆ ಎತ್ತಿ ನೋಡಿ. ಎತ್ತಿದ ಮೇಲೆ ತಂತಿ ದಾಟಬೇಡಿ.

ಜಲಾಶಯದಲ್ಲಿ ಇಳಿಯುವ ಮೊದಲು ನೀರಾವರಿ ನಿಗಮದ ಕಚೇರಿಯಲ್ಲಿ ಅನುಮತಿ ಕೇಳಬೇಕು. ಬಸವಸಾಗರವಾಗಲಿ, ಬೀದರಿನ ಕಾರಂಜಾ ಆಗಲಿ, ಕಲಬುರಗಿಯ ಬೆಣ್ಣೆತೊರಾ ಆಗಲಿ. ಅಣೆಕಟ್ಟಿನ ಗೇಟಿನ ಹತ್ತಿರ ಸುಳಿಯಲೂ ಬಾರದು. ಕೃಷ್ಣೆಯಲ್ಲಿ ಮೊಸಳೆ ಇವೆ. ಎಲ್ಲಿ ಕಾಣಿಸುತ್ತವೆ ಅಂತ ಹರಿಗೋಲಿನವರಿಗೆ ಗೊತ್ತಿರುತ್ತದೆ, ಚಹಾ ಕುಡಿಸಿ ಕೇಳಿ. ಕೇಳದೆ ಇಳಿದರೆ ದೋಣಿ ಬೇಗ ಏಳಿಸುವುದನ್ನು ಬೇರೆ ಯಾರೂ ಕಲಿಸಬೇಕಿಲ್ಲ.

ಏಪ್ರಿಲ್, ಮೇ ಸಂಜೆಗಳು ನಂಬಿಕೆಗೆ ಯೋಗ್ಯವಲ್ಲ. ಮಧ್ಯಾಹ್ನ ಎಲೆ ಅಲುಗದಂತೆ ಇದ್ದು, ನಾಲ್ಕರ ಮೇಲೆ ಒಮ್ಮೆಲೇ ಧೂಳು, ಗುಡುಗು, ಗಾಳಿ. ಮೋಡ ಕಪ್ಪಾದರೆ ದಂಡೆಗೆ ಬನ್ನಿ. ಗಾಳಿ 15 ನಾಟ್, ಅಂದರೆ ಗಂಟೆಗೆ 28 ಕಿಲೋಮೀಟರ್ ದಾಟಿದರೆ ಹೊಸಬರು ಇಳಿಯಬಾರದು. ಪಶ್ಚಿಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ದೋಣಿ ಕಟ್ಟಿಹಾಕಿ. ಮಳೆಗಾಲದ ಆ ಸಮುದ್ರ ಆಟದ ಜಾಗ ಅಲ್ಲ. ಲೈಫ್ ಜಾಕೆಟ್ ಎಲ್ಲರ ಮೈಮೇಲೆ ಇರಲಿ, ಚೀಲದಲ್ಲಿ ಅಲ್ಲ.

ಯಾರಿಗೆ ಏನು ಹೇಳಿದೆ

ಬೀದರಿನ ದಂಪತಿಗೆ ಗೆಟ್‌ಅವೇ. ಅವರಿಗೆ ಇಡಲು ಸಮುದ್ರದ ಹತ್ತಿರವೇ ಜಾಗ ಇದೆ, ಎಳೆಯಲು ತೋಟದ ಆಳುಗಳಿದ್ದಾರೆ, ನಾಲ್ಕು ಜನ ಒಟ್ಟಿಗೆ ಹೋಗಬೇಕು. ಚಳಿಗಾಲದ ಮಧ್ಯಾಹ್ನ ಅಲ್ಲಿ ಸಮುದ್ರದ ಗಾಳಿ ಸರಿಯಾಗಿ ಬೀಸುತ್ತದೆ, ದೋಣಿಯ ತೂಕ ಕಾಣಿಸುವುದಿಲ್ಲ. ಆ ತೋಟ ಇಲ್ಲದಿದ್ದರೆ ಮಿನಿಕ್ಯಾಟ್ ಅನ್ನುತ್ತಿದ್ದೆ. ಬಜೆಟ್ಟು ಇನ್ನೂ ಕಡಿಮೆ ಅಂದರೆ ಏನೂ ಬೇಡ, ಗೋವಾದಲ್ಲಿ ಬಾಡಿಗೆಗೆ ಸಿಗುತ್ತದೆ. ವರ್ಷಕ್ಕೆ ಆರು ದಿನ ಹಾಯಿ ಬಿಡುವವರು ದೋಣಿ ಸಾಕುವುದು, ವರ್ಷಕ್ಕೆ ಆರು ದಿನದ ಪ್ರಯಾಣಕ್ಕೆ ಎತ್ತು ಸಾಕಿದ ಹಾಗೆ.

ಮೇಷ್ಟ್ರದೇ ಕಷ್ಟದ ಲೆಕ್ಕ. ಮೆಲುಗಾಳಿ ನೋಡಿದರೆ ಹೋಬಿ 16 ಬೇಕು. ಒಬ್ಬರೇ ಹೋಗುವುದು, ಏಳಿಸುವುದು ನೋಡಿದರೆ ವೇವ್. ಮುಳ್ಳು ನೋಡಿದರೆ ಮಿನಿಕ್ಯಾಟ್ ಬೇಡ. ರಿಪೇರಿ ನೋಡಿದರೆ ಮತ್ತೆ ಹೋಬಿ 16. ಅವರ ತೂಕ 70 ಕಿಲೋ, ಜೊತೆಗೆ ಬರುವ ಮಗಳು ಒಂಬತ್ತನೇ ಕ್ಲಾಸು. ನಾನು ವೇವ್ ಕಡೆ ವಾಲಿದೆ. "ಗಾಳಿ ಇಲ್ಲದ ದಿನ ಸುಮ್ನೆ ಕೂಡಬೇಕಾಗ್ತದಲ್ರಿ" ಅಂದರು. ಹುಟ್ಟು ಒಂದು ಇಟ್ಟುಕೊಳ್ಳಿ ಅಂದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಹೋದ ವಾರ ರಾತ್ರಿ ಫೋನ್ ಬಂತು. ಹಿಂದೆ ಯಾರೋ ಟೇಪ್ ಹಿಡಿದು ಎಳೆಯುವ ಸದ್ದು, ಮಗಳ ದನಿ.

"ಸರ, ನಮ್ಮ ಗೇಟು ಏಳೂವರೆ ಅಡಿ ಅದ" ಅಂದರು. "ವೇವ್ ಏಳು ಅಲ್ಲೇನ್ರಿ?"

"ಹೌದ್ರಿ ಸರ, ಏಳು."

"ಎರಡೂ ಕಡಿ ಮೂರ್ಮೂರು ಇಂಚು ಉಳೀತದ" ಅಂದು ಫೋನ್ ಇಟ್ಟರು.